ಬೊಗಾಂಗ್ ಪತಂಗ: ಬಯಲಿನ ಹುಳು, ಬೆಟ್ಟದ ಅನ್ನ

ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ, ನಮ್ಮ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳು ಇಳಿದು ದೀಪಾವಳಿಯ ಹಣತೆಗಳು ಹೊರಬರುವ ದಿನಗಳಲ್ಲಿ, ಕ್ಯಾನ್‌ಬೆರಾ ಮತ್ತು ಸಿಡ್ನಿಯ ಕಡೆಯ ಮನೆಗಳಿಗೆ ಒಂದು ಕಂದು ಪತಂಗ ಬರುವುದುಂಟು. ಗ್ಯಾರೇಜಿನ ಷಟರ್ ಸಂದಿನಲ್ಲಿ, ಕಿಟಕಿ ಪರದೆಯ ಹಿಂದೆ, ಹೊರಗೆ ಒಣಹಾಕಿದ ಬಟ್ಟೆಯ ಮಡಿಕೆಯಲ್ಲಿ ಅಡಗಿ ಕೂತಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ‘ಅಯ್ಯೋ ಹುಳ’ ಎಂದು ಪೊರಕೆ ತರುತ್ತೇವೆ. ಅದು ನಮ್ಮ ಮನೆಗೆಂದು ಬಂದದ್ದಲ್ಲ. ನೂರಾರು ಕಿಲೋಮೀಟರ್ ದೂರದ ಬಯಲಿನಿಂದ ಹೊರಟು, ಆಸ್ಟ್ರೇಲಿಯನ್ ಆಲ್ಪ್ಸ್ ಎಂಬ ಬೆಟ್ಟಸಾಲಿಗೆ ಹೋಗುತ್ತಿದ್ದದ್ದು, ನಡುವೆ ನಮ್ಮ ದೀಪ ಕಂಡು ದಾರಿ ತಪ್ಪಿ ಇಳಿದಿದೆ.

ಇದರ ಹೆಸರು ಬೊಗಾಂಗ್ ಪತಂಗ. ಶಾಸ್ತ್ರೀಯ ಹೆಸರು ಆಗ್ರೋಟಿಸ್ ಇನ್‌ಫ್ಯೂಸಾ. ‘ಬೊಗಾಂಗ್’ ಎಂಬುದು ಇಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದ ಪದ. ವಿಕ್ಟೋರಿಯ ರಾಜ್ಯದ ಅತಿ ಎತ್ತರದ ಶಿಖರಕ್ಕೂ (1,986 ಮೀಟರ್) ಅದೇ ಹೆಸರು. ಆಲ್ಪ್ಸ್ ಎಂದೊಡನೆ ಹಿಮಾಲಯವನ್ನು ನೆನೆಯುವವರಿಗೆ ಒಂದು ಮಾತು: ಈ ಬೆಟ್ಟಗಳು ಅಷ್ಟೇನೂ ಎತ್ತರವಲ್ಲ. ಇಡೀ ಖಂಡದ ಅತ್ಯುನ್ನತ ಶಿಖರವಾದ ಕೊಸಿಯಸ್ಕೊ 2,228 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಮಾತ್ರ ಹೆಚ್ಚು. ಆದರೆ ಚಳಿಗಾಲದಲ್ಲಿ ಇಲ್ಲಿ ಹಿಮ ಕವಿಯುತ್ತದೆ, ಬೇಸಿಗೆಯಲ್ಲೂ ಬಂಡೆಗಳ ಸಂದು ತಂಪಾಗಿರುತ್ತದೆ. ಆ ತಂಪಿಗಾಗಿಯೇ ನಮ್ಮ ಪತಂಗದ ಇಷ್ಟೆಲ್ಲ ಪ್ರಯಾಣ.

ನೋಡಲು ಹೇಗಿದೆ?

ನೋಡಲು ಸಾಮಾನ್ಯ ಪತಂಗ. ಮೈ ಉದ್ದ ಸುಮಾರು ಒಂದು ಇಂಚು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 4ರಿಂದ 5 ಸೆಂಟಿಮೀಟರ್. ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗ. ಮುಂದಿನ ರೆಕ್ಕೆಗಳು ಗಾಢ ಕಂದು, ಕೆಲವದರಲ್ಲಿ ಹೆಚ್ಚುಕಡಿಮೆ ಕಪ್ಪು. ರೆಕ್ಕೆಯ ನಡುವೆ ಉದ್ದಕ್ಕೆ ಕಪ್ಪು ಪಟ್ಟೆಯೊಂದಿದ್ದು, ಅದನ್ನು ಎರಡು ತಿಳಿ ಬಣ್ಣದ ಚುಕ್ಕೆಗಳು ತುಂಡರಿಸುತ್ತವೆ. ಒಂದು ದುಂಡಗಿನದು. ಇನ್ನೊಂದನ್ನು ಕೀಟಶಾಸ್ತ್ರಜ್ಞರು ‘ಮೂತ್ರಪಿಂಡದ ಆಕಾರದ ಚುಕ್ಕೆ’ ಎಂದೇ ಕರೆಯುತ್ತಾರೆ. ಭೂತಗನ್ನಡಿಯಲ್ಲಿ ನೋಡಿ, ವೈದ್ಯರು ಒಪ್ಪುವಷ್ಟು ಹೋಲಿಕೆಯಿದೆ. ಈ ಎರಡು ಚುಕ್ಕೆಗಳೇ ಗುರುತು ಹಿಡಿಯಲು ಆಧಾರ. ಹಿಂದಿನ ರೆಕ್ಕೆಗಳು ಮಾಸಲು ತಿಳಿಗಂದು. ಕೂತಾಗ ಮುಂದಿನ ರೆಕ್ಕೆಗಳು ಅವನ್ನು ಪೂರ್ತಿ ಮುಚ್ಚಿಬಿಡುತ್ತವೆ. ಮರದ ತೊಗಟೆಯ ಮೇಲೋ ಬಂಡೆಯ ಮೇಲೋ ಕೂತರೆ ಪಕ್ಕದಲ್ಲಿ ನಿಂತವರಿಗೂ ಕಾಣುವುದಿಲ್ಲ.

ಚಿಟ್ಟೆಗೆ ಸಿಕ್ಕಷ್ಟು ಕವಿಗಳು ಪತಂಗಕ್ಕೆ ಸಿಕ್ಕಿಲ್ಲ. ಸಿಕ್ಕವರೂ ಅದನ್ನು ದೀಪಕ್ಕೆ ಬೀಳಿಸಿಯೇ ಮುಗಿಸಿದ್ದಾರೆ.

ಮಣ್ಣಿನೊಳಗಿನ ಬಾಲ್ಯ

ಬೊಗಾಂಗ್ ಪತಂಗದ ಬಾಳು ಶುರುವಾಗುವುದು ಬೆಟ್ಟದಲ್ಲಲ್ಲ. ದಕ್ಷಿಣ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್‌ನ ಪಶ್ಚಿಮ ಮತ್ತು ವಾಯುವ್ಯ ಭಾಗ, ವಿಕ್ಟೋರಿಯದ ಪಶ್ಚಿಮ ಭಾಗದ ಬಯಲುಗಳಲ್ಲಿ. ಶರತ್ಕಾಲದಲ್ಲಿ, ಎಂದರೆ ಇಲ್ಲಿನ ಲೆಕ್ಕದಲ್ಲಿ ಮಾರ್ಚ್‌ನಿಂದ ಮೇ ಒಳಗೆ, ಹೆಣ್ಣು ಪತಂಗ ನೆಲದ ಮೇಲೆ, ಎಳೆ ಗಿಡಗಳ ಬುಡದಲ್ಲಿ ಮೊಟ್ಟೆ ಇಡುತ್ತದೆ. ಒಂದೇ ಹೆಣ್ಣು 2,000 ಮೊಟ್ಟೆಗಳವರೆಗೂ ಇಡಬಲ್ಲದು. ಒಂದೊಂದು ಮೊಟ್ಟೆ ಒಂದು ಮಿಲಿಮೀಟರಿಗಿಂತ ಚಿಕ್ಕದು, ಗುಮ್ಮಟದ ಆಕಾರ, ಮೇಲಿನಿಂದ ಕೆಳಕ್ಕೆ ಏಣುಗಳು. ವಾರದೊಳಗೆ ಮರಿಹುಳು ಹೊರಬರುತ್ತದೆ.

ಮರಿಹುಳುವಿಗೆ ಅಕ್ಕರೆಯ ಹೆಸರೇನೂ ಇಲ್ಲ. ಹಗಲೆಲ್ಲ ಮಣ್ಣಿನಲ್ಲಿ ಸುರುಳಿ ಸುತ್ತಿ ಮಲಗಿ, ರಾತ್ರಿ ಮೇಲೆ ಬಂದು ಎಳೆ ಗಿಡಗಳನ್ನು ಬುಡದಲ್ಲೇ ಕಡಿಯುವ ಹುಳುಗಳ ಜಾತಿಯದು. ಕರ್ನಾಟಕದ ಆಲೂಗಡ್ಡೆ ಬೆಳೆಗಾರರಿಗೆ ಇದರ ಸೋದರಜಾತಿ ಆಗ್ರೋಟಿಸ್ ಇಪ್ಸಿಲಾನ್ ಚೆನ್ನಾಗಿ ಗೊತ್ತು. ಬೆಳಗ್ಗೆ ಹೊಲಕ್ಕೆ ಹೋದರೆ ಸಸಿ ಕತ್ತರಿಸಿ ಬಿದ್ದಿರುತ್ತದೆ, ಕಳ್ಳ ಮಾತ್ರ ಕಾಣುವುದಿಲ್ಲ. ಇಲ್ಲಿನ ರೈತರಿಗೂ ಬೊಗಾಂಗ್ ಹುಳು ಹಾಗೆಯೇ ಕಾಡುವ ಕೀಟ. ಗೋಧಿ, ಕೋಸು, ಕುದುರೆಮಸಾಲೆ ಸೊಪ್ಪು, ಹುಲ್ಲುಗಾವಲಿನ ಅಗಲ ಎಲೆಯ ಕಳೆಗಳು, ಸಿಕ್ಕಿದ್ದನ್ನು ತಿನ್ನುತ್ತದೆ. ಐದು ಸಲ ಪೊರೆ ಕಳಚಿ ಆರು ಹಂತ ದಾಟಿ, ಕೊನೆಗೆ ಸುಮಾರು 5 ಸೆಂಟಿಮೀಟರ್ ಉದ್ದದ ನುಣುಪಾದ ಬೂದುಗಂದು ಹುಳುವಾಗುತ್ತದೆ. ಇಡೀ ಚಳಿಗಾಲ ಅದರ ಊಟದ ಕಾಲ.

ಆಮೇಲೆ ಕೆಲವು ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಗೂಡು ಮಾಡಿಕೊಂಡು ಕೋಶಾವಸ್ಥೆಗೆ ಹೋಗುತ್ತದೆ. ಮಣ್ಣು ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ ಈ ಅವಸ್ಥೆ ಮೂರು ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು. ವಸಂತ ಬಂದಾಗ ಪತಂಗ ಮಣ್ಣಿನಿಂದ ಎದ್ದು ಬರುತ್ತದೆ. ಅದರ ತಂದೆ ತಾಯಿ ಹಿಂದಿನ ಶರತ್ಕಾಲದಲ್ಲೇ ಸತ್ತಿವೆ. ಬೆಟ್ಟವನ್ನು ನೋಡಿದ ಒಂದು ಜೀವವೂ ಆ ಬಯಲಿನಲ್ಲಿ ಉಳಿದಿಲ್ಲ. ಆದರೂ ಕೆಲವು ದಿನ ಹೂವಿನ ಮಕರಂದ ಕುಡಿದು, ಒಂದು ರಾತ್ರಿ ಮೇಲೆದ್ದು ಬೆಟ್ಟದ ಕಡೆಗೇ ತಿರುಗುತ್ತದೆ.

ನಕ್ಷತ್ರ ನೋಡಿ ದಾರಿ

ಹೆಚ್ಚೆಂದರೆ 1,000 ಕಿಲೋಮೀಟರ್: ಬೆಂಗಳೂರಿನಿಂದ ಮುಂಬಯಿಗೆ ರಸ್ತೆಯಲ್ಲಿ ಹೋದಷ್ಟು ದೂರ. ರಾತ್ರಿ ಹಾರಾಟ, ಹಗಲು ವಿಶ್ರಾಂತಿ. ಹೀಗೆ ಹಲವು ರಾತ್ರಿಗಳು, ಕೆಲವೊಮ್ಮೆ ವಾರಗಳು. ವಲಸೆ ಹೋಗುವ ಕೀಟಗಳು ಬೇರೆಯೂ ಇವೆ. ನಮ್ಮಲ್ಲೇ ಪಶ್ಚಿಮ ಘಟ್ಟಕ್ಕೂ ಪೂರ್ವದ ಬಯಲಿಗೂ ನಡುವೆ ಮುಂಗಾರಿನ ಆಸುಪಾಸಿನಲ್ಲಿ ಹಿಂಡುಹಿಂಡಾಗಿ ಓಡಾಡುವ ಚಿಟ್ಟೆಗಳಿವೆ. ಆದರೆ ಚಿಟ್ಟೆಗಳದು ಹಗಲಿನ ಪ್ರಯಾಣ, ಸೂರ್ಯ ಇದ್ದಾನೆ. ಹುಟ್ಟಿದಾಗಿನಿಂದ ಒಮ್ಮೆಯೂ ನೋಡದ ಗುಹೆಯನ್ನು ಕತ್ತಲಲ್ಲಿ ಹುಡುಕಿಕೊಂಡು ಹೋಗುವುದು ಹೇಗೆ?

ಈ ಪ್ರಶ್ನೆಯ ಹಿಂದೆ ಬಿದ್ದವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರೆಂಟ್ ಮತ್ತು ಸಂಗಡಿಗರು. ವಾರೆಂಟ್ ಮೂಲತಃ ಆಸ್ಟ್ರೇಲಿಯದವರೇ. ಅವರ ಉಪಾಯ ಸರಳ. ಪತಂಗದ ಬೆನ್ನಿಗೆ ಸಣ್ಣ ಕಡ್ಡಿಯೊಂದನ್ನು ಅಂಟಿಸಿ, ಇದ್ದಲ್ಲೇ ಹಾರುತ್ತ ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದಾದ ಯಂತ್ರದಲ್ಲಿ ಕೂರಿಸುವುದು; ಅದು ಯಾವ ದಿಕ್ಕಿಗೆ ಮುಖ ಮಾಡುತ್ತದೆ ಎಂದು ದಾಖಲಿಸುವುದು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುತ್ತಲೂ ತಂತಿಸುರುಳಿ ಇಟ್ಟು ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಬದಲಿಸಿದರು. ಕಣ್ಣಿಗೆ ಕಾಣುವ ಗುರುತೂ ಕಾಂತಕ್ಷೇತ್ರವೂ ಒಟ್ಟಿಗೆ ತಿರುಗಿದಾಗ ಪತಂಗವೂ ತಿರುಗಿತು. ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಆದಾಗ ಕೆಲವು ನಿಮಿಷಗಳಲ್ಲಿ ದಿಕ್ಕು ತಪ್ಪಿತು. ಎಂದರೆ ಇದಕ್ಕೆ ಕಾಂತಕ್ಷೇತ್ರದ ಅರಿವಿದೆ, ಅದನ್ನು ಕಣ್ಣಿಗೆ ಕಂಡದ್ದರ ಜೊತೆ ತಾಳೆ ನೋಡುತ್ತದೆ.

ಇನ್ನೂ ಬೆರಗಿನದು 2025ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅದೇ ತಂಡದ ಲೇಖನ. ಈ ಸಲ ಕಾಂತಕ್ಷೇತ್ರವನ್ನು ಪೂರ್ತಿ ಅಳಿಸಿ, ಮೇಲೆ ರಾತ್ರಿಯ ಆಕಾಶದ ಚಿತ್ರವನ್ನು ಮಾತ್ರ ತೋರಿಸಿದರು. ಪತಂಗಗಳು ಆ ಋತುವಿನಲ್ಲಿ ಹೋಗಬೇಕಾದ ದಿಕ್ಕಿಗೇ ಹಾರಿದವು. ಆಕಾಶವನ್ನು 180 ಡಿಗ್ರಿ ತಿರುಗಿಸಿದಾಗ ಅವೂ ತಿರುಗಿದವು. ಅವೇ ನಕ್ಷತ್ರಗಳನ್ನು ಅಡ್ಡಾದಿಡ್ಡಿ ಚೆಲ್ಲಿದಾಗ ಗೊಂದಲಕ್ಕೆ ಬಿದ್ದವು. ಇನ್ನು ಮೋಡ ಕವಿದ ರಾತ್ರಿಯಲ್ಲಿ ಕಾಂತಕ್ಷೇತ್ರ ಸಾಕಾಯಿತು. ಮಿದುಳಿನ ನರಕೋಶಗಳಿಗೆ ಸೂಕ್ಷ್ಮ ವಿದ್ಯುದಗ್ರಗಳನ್ನು ತಾಗಿಸಿ ನೋಡಿದಾಗ, ಆಕಾಶ ತಿರುಗಿದಂತೆ ಅವುಗಳ ಮಿಡಿತ ಏರಿಳಿಯಿತು. ಪತಂಗ ದಕ್ಷಿಣಕ್ಕೆ ಮುಖ ಮಾಡಿದಾಗ ಮಿಡಿತ ಅತಿ ಹೆಚ್ಚು. ಹಕ್ಕಿಗಳೂ ಮನುಷ್ಯರೂ ನಕ್ಷತ್ರ ನೋಡಿ ದೂರ ಪ್ರಯಾಣ ಮಾಡುವುದು ಗೊತ್ತಿತ್ತು. ಬೆನ್ನುಮೂಳೆಯಿಲ್ಲದ ಒಂದು ಪ್ರಾಣಿ ಹೀಗೆ ಮಾಡುತ್ತದೆಂದು ತಿಳಿದದ್ದು ಇದೇ ಮೊದಲು. ಅದರ ಮಿದುಳು ಅಕ್ಕಿಕಾಳಿಗಿಂತ ಚಿಕ್ಕದು. ಮನುಷ್ಯನ ಮಿದುಳಿನ ಗಾತ್ರದ ಬಗ್ಗೆ ವೈದ್ಯಕೀಯ ಪುಸ್ತಕಗಳಲ್ಲಿ ನಾವು ಓದಿದ ಹೆಮ್ಮೆಯ ಮಾತುಗಳನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು.

ಇಂಥ ಲೇಖನದಲ್ಲಿ ‘ನಾವೂ ವಲಸಿಗರೇ ಅಲ್ಲವೇ’ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ನಮಗೆ ವೀಸಾ ಏಜೆಂಟರಿದ್ದರು, ಮೊದಲೇ ಬಂದ ಭಾವಮೈದುನರಿದ್ದರು, ಹೋಲಿಕೆ ಬೇಡ.

ಗುಹೆಯಲ್ಲಿ ಬೇಸಿಗೆ

ಬೆಟ್ಟ ಸೇರಿದ ಪತಂಗಗಳು ಗ್ರಾನೈಟ್ ಬಂಡೆಗಳ ಗುಹೆ, ಬಿರುಕುಗಳಿಗೆ ನುಗ್ಗುತ್ತವೆ. ಮೊದಲು ಬಂದವು ತಂಪಾದ, ಕತ್ತಲಾದ ಒಳಜಾಗ ಹಿಡಿಯುತ್ತವೆ. ಒಂದು ಗೋಡೆಗೆ ಅಂಟಿ ಕೂತರೆ ಮುಂದಿನದು ಅದರ ರೆಕ್ಕೆಯಡಿಗೆ ತಲೆ ತೂರಿಸುತ್ತದೆ, ಅದರ ಹಿಂದೆ ಇನ್ನೊಂದು. ಮಂಗಳೂರು ಹೆಂಚು ಹೊದಿಸಿದ ಮಾಡನ್ನು ನೆನೆಯಿರಿ, ಹಾಗೆ ಸಾಲುಸಾಲಾಗಿ. ಒಂದು ಚದರ ಮೀಟರ್ ಗೋಡೆಯಲ್ಲಿ ಸುಮಾರು 17,000 ಪತಂಗಗಳೆಂದು ಎಣಿಸಿದ್ದಾರೆ. ಕ್ಯಾನ್‌ಬೆರಾದ ಕೀಟಶಾಸ್ತ್ರಜ್ಞ ಇಯನ್ ಕಾಮನ್ 1954ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಅಡಿಪಾಯ.

ಚಳಿಗಾಲದಲ್ಲಿ ಕರಡಿ ಮಲಗುವುದನ್ನು ಶಿಶಿರನಿದ್ರೆ ಎನ್ನುತ್ತೇವೆ. ಇದು ಅದರ ತಿರುಗುಮುರುಗು, ಗ್ರೀಷ್ಮನಿದ್ರೆ. ಬಯಲಿನಲ್ಲಿ ಬೇಸಿಗೆ ಸುಡುತ್ತದೆ, ಮರಿಗಳಿಗೆ ಹಸಿರಿರುವುದಿಲ್ಲ. ಆ ಮೂರು ನಾಲ್ಕು ತಿಂಗಳನ್ನು ಕಳೆಯಲು ಈ ಏರ್ಪಾಡು. ಗುಹೆಯೊಳಗೆ ಊಟವಿಲ್ಲ. ಮುಸ್ಸಂಜೆಯಲ್ಲಿ ಕೆಲವು ಹೊರಬಂದು ಸ್ವಲ್ಪ ಹಾರಾಡಿ, ನೀರು ಕುಡಿದು ಮರಳುತ್ತವೆ, ಅಷ್ಟೇ. ಸಂತಾನದ ಅಂಗಗಳೂ ಈ ಅವಧಿಯಲ್ಲಿ ಬೆಳೆಯದೆ ಕಾಯುತ್ತವೆ. ಖರ್ಚೆಲ್ಲ ಮೊದಲೇ ಕೂಡಿಟ್ಟ ಕೊಬ್ಬಿನಿಂದ: ಹೊಟ್ಟೆಯ ಭಾಗದ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಇದೇ ಪ್ರಮಾಣವನ್ನು ಒಬ್ಬ ರೋಗಿಯ ವರದಿಯಲ್ಲಿ ಕಂಡಿದ್ದರೆ ನಾನು ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. ಇಲ್ಲಿ ಅದು ಆರೋಗ್ಯ. ಮೈಯನ್ನು ತಂಪಾಗಿಟ್ಟು ಚಯಾಪಚಯವನ್ನು ತಗ್ಗಿಸಿದರೆ ಆ ಕೊಬ್ಬು ಬೇಸಿಗೆ ಮುಗಿಯುವವರೆಗೂ, ಮರಳುವ ಪ್ರಯಾಣಕ್ಕೂ ಸಾಕು. ಗುಹೆ ಬೆಚ್ಚಗಾದಷ್ಟೂ ಕೊಬ್ಬು ಬೇಗ ಕರಗುತ್ತದೆ. ಹವಾಮಾನ ಬಿಸಿಯಾಗುತ್ತಿರುವಾಗ ಇದು ಸಣ್ಣ ಮಾತಲ್ಲ.

ಈ ಸಂತೆಯಲ್ಲಿ ರೋಗವೂ ಇದೆ. ಗುಹೆಯ ನೆಲದಲ್ಲಿ ಹಿಂದಿನ ವರ್ಷಗಳ ಸತ್ತ ಪತಂಗಗಳ ಪುಡಿ, ರೆಕ್ಕೆಯ ಧೂಳು ದಪ್ಪನಾಗಿ ಬಿದ್ದಿರುತ್ತದೆ. ಅದರಲ್ಲಿ ಕಾದಿರುವ ದಾರದಂಥ ಪರೋಪಜೀವಿ ಹುಳುಗಳು ಗೋಡೆ ಹತ್ತಿ ಪತಂಗದ ಮೈಯೊಳಗೆ ಹೊಕ್ಕು, ಅಲ್ಲೇ ಬೆಳೆದು, ಅದನ್ನು ಕೊಂದು ಹೊರಬಂದು ಮತ್ತೆ ನೆಲಕ್ಕೆ ಬೀಳುತ್ತವೆ. ಇಂಥ ಎರಡು ಜಾತಿಗಳನ್ನು ಈ ಪತಂಗಗಳಲ್ಲೇ ಗುರುತಿಸಿದ್ದಾರೆ. ಒಂದರ ಹೆಸರಿನಲ್ಲೇ ‘ಬೊಗಾಂಗ್’ ಇದೆ. ಆತಿಥೇಯ ಜೀವಿ ಪ್ರತಿ ವರ್ಷ ಅದೇ ಗುಹೆಗಳಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಈ ಹುಳುಗಳ ಇಡೀ ಬದುಕು ನಿಂತಿದೆ.

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬದುಕುಳಿದವು ಅದೇ ದಾರಿಯಲ್ಲಿ ಬಯಲಿಗೆ ಮರಳುತ್ತವೆ. ಹೋದ ಪತಂಗವೇ ಮರಳುತ್ತದೆ, ಅದರ ಮಕ್ಕಳಲ್ಲ. ಅಲ್ಲಿ ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ.

ಬೆಟ್ಟದ ಊಟ

ಬಯಲಿನ ಹಸಿರನ್ನು ಕೊಬ್ಬಾಗಿಸಿ ಬೆಟ್ಟದ ತುದಿಗೆ ಹೊತ್ತು ತರುವ ಈ ಹುಳುಗಳ ಲಾಭವನ್ನು ಮೊದಲು ಕಂಡುಕೊಂಡವರು ಇಲ್ಲಿನ ಮೂಲನಿವಾಸಿಗಳು. ಪ್ರತಿ ಬೇಸಿಗೆ ಬೇರೆಬೇರೆ ಸಮುದಾಯಗಳು ಬೆಟ್ಟದ ಬುಡದಲ್ಲಿ ಸೇರುತ್ತಿದ್ದವು. ಮದುವೆ, ವ್ಯಾಪಾರ, ಆಚರಣೆ, ಜಗಳಗಳ ತೀರ್ಮಾನ ಎಲ್ಲವೂ ಅಲ್ಲೇ. ಗುಹೆಗೆ ಹೊಗೆ ಹಾಕಿ ಪತಂಗಗಳನ್ನು ಉದುರಿಸಿ, ಬಿಸಿ ಬೂದಿಯಲ್ಲಿ ಹುರಿದು, ರೆಕ್ಕೆ ಕಾಲುಗಳನ್ನು ತೂರಿ ತೆಗೆದು ತಿನ್ನುತ್ತಿದ್ದರು. ಅರೆದು ಉಂಡೆಯಾಗಿಸಿ ಕೊಂಡೊಯ್ಯುವುದೂ ಇತ್ತು. ವಿಕ್ಟೋರಿಯದ ಬಕನ್ ಬಳಿಯ ಕ್ಲಾಗ್ಸ್ ಗುಹೆಯಲ್ಲಿ, ಗುನಾಯ್‌ಕರ್ನಾಯ್ ಜನರ ನೆಲದಲ್ಲಿ, ಸುಮಾರು 2,000 ವರ್ಷ ಹಳೆಯ ಅರೆಯುವ ಕಲ್ಲೊಂದರ ಮೇಲೆ ಈ ಪತಂಗದ ಶೇಷಗಳು ಸಿಕ್ಕಿದ್ದು 2020ರಲ್ಲಿ ಪ್ರಕಟವಾಯಿತು. ಮೊದಲ ಮಳೆಯ ಸಂಜೆ ಹುತ್ತದಿಂದ ಏಳುವ ರೆಕ್ಕೆಹುಳುಗಳನ್ನು ಹುರಿದು ತಿಂದವರು, ಮಲೆನಾಡಿನ ಚಗಳಿ ಚಟ್ನಿಯ ರುಚಿ ಕಂಡವರು ಮೂಗು ಮುರಿಯಬೇಕಾಗಿಲ್ಲ.

ಈ ಊಟವನ್ನು ಬರಹಕ್ಕೆ ಇಳಿಸಿದ ಮೊದಲಿಗರಲ್ಲಿ ಒಬ್ಬ ನಮ್ಮ ಕಸುಬಿನವನೇ: ಇಂಗ್ಲಿಷ್ ವೈದ್ಯ ಜಾರ್ಜ್ ಬೆನೆಟ್. 1834ರಲ್ಲಿ ಪ್ರಕಟವಾದ ಪ್ರವಾಸಕಥನದಲ್ಲಿ ಆತ ವೈದ್ಯನಿಗೆ ತಕ್ಕ ವಿವರವೊಂದನ್ನು ದಾಖಲಿಸಿದ್ದಾನೆ: ಋತುವಿನ ಮೊದಲ ದಿನಗಳಲ್ಲಿ ತಿಂದವರಿಗೆ ಜೋರು ವಾಂತಿ, ನಿತ್ರಾಣ, ಕೆಲವು ದಿನಗಳಲ್ಲಿ ಒಗ್ಗಿಹೋಗಿ ಮೈತುಂಬಿಕೊಳ್ಳುತ್ತಾರೆ. ಕಡಿಮೆ ಕೊಬ್ಬಿನ ಊಟಕ್ಕೆ ಒಗ್ಗಿದ ಹೊಟ್ಟೆಗೆ ಏಕಾಏಕಿ ಇಷ್ಟು ಕೊಬ್ಬು ಬಿದ್ದರೆ ಹೀಗಾಗುವುದು ಸಹಜವೆಂದೇ ನನಗೆ ತೋರುತ್ತದೆ.

ಮನುಷ್ಯರಿಗೆ ಇದು ವರ್ಷದ ಹಬ್ಬದೂಟ. ಇನ್ನೊಂದು ಪ್ರಾಣಿಗೆ ಇದು ಉಸಿರು. ಮೌಂಟನ್ ಪಿಗ್ಮಿ ಪೊಸಮ್ ಎಂಬುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಸುಮಾರು 45 ಗ್ರಾಂ ತೂಕದ ಚೀಲಪ್ರಾಣಿ. ನಮ್ಮ ಕಸುಬಿನ ಇನ್ನೊಬ್ಬ, ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ಬ್ರೂಮ್, 1890ರ ದಶಕದಲ್ಲಿ ಇದನ್ನು ಪಳೆಯುಳಿಕೆಯಾಗಿ ಮಾತ್ರ ಕಂಡಿದ್ದ. ಅಳಿದುಹೋಯಿತೆಂದು ನಂಬಿದ್ದ ಜೀವಿ 1966ರಲ್ಲಿ ವಿಕ್ಟೋರಿಯದ ಹೋಥಮ್ ಬೆಟ್ಟದ ಸ್ಕೀ ತಂಗುದಾಣವೊಂದರಲ್ಲಿ ಜೀವಂತ ಸಿಕ್ಕಿತು. ಈಗ ಮೂರು ಬೆಟ್ಟಪ್ರದೇಶಗಳಲ್ಲಿ ಒಟ್ಟು ಸುಮಾರು 2,000 ಉಳಿದಿರಬಹುದು. ತಿಂಗಳುಗಟ್ಟಲೆ ಹಿಮದಡಿ ಮಲಗಿ ವಸಂತದಲ್ಲಿ ಎದ್ದಾಗ ಅದರ ಮೈಯಲ್ಲಿ ಕೊಬ್ಬು ಬರಿದಾಗಿರುತ್ತದೆ. ಅದೇ ವೇಳೆಗೆ ಪತಂಗಗಳು ಬಂದಿಳಿಯುತ್ತವೆ. ಅವುಗಳನ್ನು ತಿಂದೇ ತಾಯಿ ಮರಿಗಳಿಗೆ ಹಾಲೂಡಿಸುವುದು.

ಬಾರದ ವರ್ಷಗಳು

ಪತಂಗಗಳ ಸಂಖ್ಯೆ 1980ರ ಸುಮಾರಿನಿಂದ ನಿಧಾನಕ್ಕೆ ಇಳಿಯುತ್ತಿತ್ತು. 2017ರ ಹೊತ್ತಿಗೆ ಕುಸಿದೇಬಿತ್ತು. ವರ್ಷವೂ ಎಣಿಕೆಗೆ ಹೋಗುತ್ತಿದ್ದ ವಿಜ್ಞಾನಿಗಳಿಗೆ ಕೆಲವು ಗುಹೆಗಳು ಖಾಲಿ ಸಿಕ್ಕವು. ಆ ಎರಡು ಮೂರು ವರ್ಷಗಳಲ್ಲಿ ಇಳಿಕೆ ಶೇಕಡ 99.5ರವರೆಗೂ ಆಗಿತ್ತೆಂದು ಅಂದಾಜು. ಆ ವಸಂತಗಳಲ್ಲಿ ಪೊಸಮ್‌ಗಳನ್ನು ಪರೀಕ್ಷಿಸಿದವರಿಗೆ ಕಂಡದ್ದು ಸೊರಗಿದ ತಾಯಂದಿರು, ಚೀಲದಲ್ಲೇ ಸತ್ತ ಮರಿಗಳು. ಮುಖ್ಯ ಕಾರಣ ಬಯಲಿನ ಬರ: 2017ರಿಂದ 2019ರವರೆಗೆ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ಗಳ ಆ ಭಾಗದಲ್ಲಿ ಚಳಿಗಾಲದ ಹಸಿರೇ ಮೂಡಲಿಲ್ಲ, ಮರಿಹುಳುಗಳಿಗೆ ತಿನ್ನಲು ಏನೂ ಇರಲಿಲ್ಲ. ಬೇಸಾಯ ಪದ್ಧತಿಯ ಬದಲಾವಣೆ, ಕೀಟನಾಶಕಗಳೂ ಸೇರಿರಬಹುದು. 2019–20ರ ಕಾಳ್ಗಿಚ್ಚಿನ ನಂತರ ಸುಟ್ಟ ಬೆಟ್ಟಗಳಲ್ಲಿ ಪೊಸಮ್‌ಗಳಿಗೆ ಪತಂಗದ ಪೋಷಕಾಂಶಗಳನ್ನು ಹೋಲುವ ‘ಬೊಗಾಂಗ್ ಬಿಸ್ಕತ್ತು’ ತಯಾರಿಸಿ ಹಂಚಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಬೊಗಾಂಗ್ ಪತಂಗವೂ ಸೇರಿತು. ಮಳೆ ಬಂದ ಮೇಲೆ ಸಂಖ್ಯೆ ಸ್ವಲ್ಪ ಚೇತರಿಸಿದೆ, ಮೊದಲಿನಷ್ಟಿಲ್ಲ.

ಬಯಲಿನದು ಬೆಟ್ಟಕ್ಕೆ ತಟ್ಟುತ್ತದೆ ಎಂಬುದಕ್ಕೆ ಇನ್ನೂ ಒಂದು ಸಾಕ್ಷಿ 2001ರಲ್ಲೇ ಸಿಕ್ಕಿತ್ತು. ಗುಹೆಗಳ ಬಾಯಿಯಲ್ಲಿ ಹುಲ್ಲು ಸತ್ತದ್ದನ್ನು ಕಂಡು ಮಣ್ಣು ಪರೀಕ್ಷಿಸಿದರೆ ಆರ್ಸೆನಿಕ್! ಹೊತ್ತು ತಂದವು ಪತಂಗಗಳು. ಒಂದೊಂದರ ಮೈಯಲ್ಲಿ ಇದ್ದದ್ದು ಅತ್ಯಲ್ಪ. ಆದರೆ ಲಕ್ಷಾಂತರ ಪತಂಗಗಳು ಒಂದೇ ಜಾಗದಲ್ಲಿ ಸತ್ತು, ಮಳೆನೀರು ಆ ಪುಡಿಯನ್ನು ತೊಳೆದು ಹೊರಹಾಕಿದಾಗ ಹುಲ್ಲು ಕೊಲ್ಲುವಷ್ಟಾಯಿತು. ಪೊಸಮ್‌ಗಳ ಹಿಕ್ಕೆಯಲ್ಲೂ ಅದು ಕಂಡುಬಂತು. ವಿಷವೆಂಬುದು ಪ್ರಮಾಣದ ಮಾತು ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ದೀಪಗಳ ಪಾಲು ಇದರಲ್ಲಿ ಎಷ್ಟು? ಬರದ ಮುಂದೆ ಅದು ಚಿಕ್ಕದೇ. ಆದರೆ ನಮ್ಮ ಕೈಯಲ್ಲಿರುವುದು ಅದೊಂದೇ. 1988ರಲ್ಲಿ ಕ್ಯಾನ್‌ಬೆರಾದ ಹೊಸ ಸಂಸತ್ ಭವನ ಉದ್ಘಾಟನೆಯಾದ ವರ್ಷದ ವಸಂತದಲ್ಲಿ, ಅದರ ಪ್ರಖರ ಬೆಳಕಿಗೆ ಪತಂಗಗಳು ಮುತ್ತಿ ಒಳಗೆಲ್ಲ ತುಂಬಿಕೊಂಡವು. 2000ದ ಸಿಡ್ನಿ ಒಲಿಂಪಿಕ್ಸ್‌ನ ಕ್ರೀಡಾಂಗಣದ ದೀಪಗಳಿಗೂ ಹೀಗೆಯೇ ಮುತ್ತಿದವು. ಬೆಳಕಿಗೆ ಸಿಕ್ಕ ಪತಂಗ ರಾತ್ರಿಯಿಡೀ ಅಲ್ಲೇ ಸುತ್ತಿ ಕೂಡಿಟ್ಟ ಕೊಬ್ಬು ಕಳೆದುಕೊಳ್ಳುತ್ತದೆ. ಹಣತೆಗಳಿಂದ ಏನೂ ತೊಂದರೆಯಿಲ್ಲ, ಹಬ್ಬ ನಡೆಯಲಿ. ಆದರೆ ಸೆಪ್ಟೆಂಬರ್‌ನಿಂದ ಬೆಳಗಿನವರೆಗೆ ಉರಿಯುವ ಅಂಗಳದ ಫ್ಲಡ್‌ಲೈಟುಗಳನ್ನು, ಮನೆಯ ಹೊರಗಿನ ದೀಪಸರಗಳನ್ನು ಮಲಗುವ ಮುನ್ನ ಆರಿಸಬಹುದು. ಜ಼ೂಸ್ ವಿಕ್ಟೋರಿಯ ಸಂಸ್ಥೆ 2019ರಿಂದ ಇದನ್ನೇ ಕೇಳುತ್ತಿದೆ. ‘ಮಾತ್ ಟ್ರ್ಯಾಕರ್’ ಎಂಬ ಅದರ ಜಾಲತಾಣಕ್ಕೆ ಮನೆಯಲ್ಲಿ ಕಂಡ ಪತಂಗದ ಫೋಟೊ, ದಿನಾಂಕ, ಊರು ಕಳಿಸಿದರೆ ತಜ್ಞರು ಗುರುತಿಸಿ ನಕಾಶೆಗೆ ಸೇರಿಸುತ್ತಾರೆ. ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ಫೋಟೊವನ್ನು ಮೇಲಿನಿಂದ, ಎರಡೂ ರೆಕ್ಕೆಗಳು ಪೂರ್ತಿ ಬರುವಂತೆ ತೆಗೆಯಿರಿ. ದುಂಡು ಚುಕ್ಕೆ, ಅದರ ಪಕ್ಕದ ಮೂತ್ರಪಿಂಡದ ಚುಕ್ಕೆ ಎರಡೂ ಸ್ಪಷ್ಟವಾಗಿರಬೇಕು. ಆಮೇಲೆ ಒಂದು ಲೋಟ ಬೋರಲು ಹಾಕಿ ಹಿಡಿದು, ಕತ್ತಲಿರುವ ಹಿತ್ತಲಿನಲ್ಲಿ ಬಿಟ್ಟುಬಿಡಿ.